ಗಾಳಿ ಎತ್ತ ಬೀಸುತ್ತದೋ ಅತ್ತ

ಬಂಗಾರಪೇಟೆಯಲ್ಲಿ ಕವಲು ಹಳಿ ಹಿಡಿದ ರೈಲು ಕೋರಮಂಡಲ್ ನಿಲ್ದಾಣ ಮುಟ್ಟುವ ಹೊತ್ತಿಗೆ ಕಿಟಕಿಯಾಚೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ಕೋಲಾರ ಸೀಮೆಯ ಕೆಮ್ಮಣ್ಣು, ರಾಗಿ ಹೊಲ, ಮಾವಿನ ತೋಪು. ಆಮೇಲೆ ಬೂದಿ ಬಳಿದುಕೊಂಡಂಥ ಗುಡ್ಡ. ನೆತ್ತಿ ಸಪಾಟು, ಇಳಿಜಾರಿನ ತುಂಬ ಮಳೆನೀರು ಕೊರೆದ ಸೀಳು, ಮೈಮೇಲೆ ಹಸಿರು ಅನ್ನುವುದೇ ಇಲ್ಲ. ಬೆಳಗಿನ ಬಿಸಿಲಿಗೆ ಅದು ಬೆಳ್ಳಗೆ ಹೊಳೆಯುತ್ತಿತ್ತು. ದೂರದಿಂದ ಅಷ್ಟು ಚೆಂದ ಕಾಣುವುದನ್ನು ನೋಡಿ ನನಗೆ ಒಂಥರಾ ಸಂಕಟವಾಯಿತು. ಏಕೆಂದರೆ ಅದು ಏನೆಂದು ನನಗೆ ಗೊತ್ತಿತ್ತು.

ಕೆಜಿಎಫ್ ಜನ ಇದನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ಇಂಥವು ಒಟ್ಟು ಹದಿಮೂರು. ದೇವರು ಇಟ್ಟ ಗುಡ್ಡಗಳಲ್ಲ, ಮನುಷ್ಯರು ಸುರಿದವು.

ನಾನು ಇಳಿದದ್ದು ಚಾಂಪಿಯನ್‌ನಲ್ಲಿ. ಜೊತೆಗೆ ಬಂದವರು ಗಣಿಯಲ್ಲಿ ಇಪ್ಪತ್ತು ವರ್ಷ ಅಂಡರ್‌ಗ್ರೌಂಡ್ ದುಡಿದ ಹಿರಿಯರು. ತಮಿಳು ಬೆರೆತ ಕನ್ನಡ, ಮೆಟ್ಟಿಲು ಹತ್ತುವಾಗ ನಡುನಡುವೆ ನಿಂತು ಸುಧಾರಿಸಿಕೊಳ್ಳುವ ಉಸಿರು. ಆಷಾಢ ಕಾಲಿಟ್ಟು ನಾಲ್ಕು ದಿನವಾಗಿತ್ತು. ರಸ್ತೆಗೆ ಬಂದವರೇ ಟವೆಲಿನ ಅಂಚನ್ನು ಗಾಳಿಗೆ ಹಿಡಿದು ನೋಡಿದರು. “ಮೊದಲು ಗಾಳಿ ಎತ್ತಲಿಂದ ಅಂತ ನೋಡ್ಕೋಬೇಕು ಸಾರ್. ಗುಡ್ಡ ನೋಡೋದು ಆಮೇಲೆ.” ಪಡುವಣ ಗಾಳಿ. ಹಾಗಾಗಿ ನಾವು ಗುಡ್ಡದ ಪಶ್ಚಿಮಕ್ಕೆ ಸುತ್ತಿಕೊಂಡು ಹೋದೆವು.

ಇಲ್ಲಿ ಚಿನ್ನ ಇರುವುದನ್ನು 1802ರಲ್ಲೇ ಲೆಫ್ಟಿನೆಂಟ್ ಜಾನ್ ವಾರೆನ್ ಗುರುತಿಸಿದ್ದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ದೊಡ್ಡ ಗಣಿಗಾರಿಕೆ ಶುರುವಾಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಹರಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕುವ ವೇಳೆಗೆ ಹೆಚ್ಚುಕಡಿಮೆ 800 ಟನ್ ಚಿನ್ನ ಹೊರಗೆ ಹೋಗಿತ್ತು. ಇಷ್ಟೂ ಎಲ್ಲರೂ ಹೇಳುವ ಕಥೆ. ಗುಡ್ಡದ ಕಥೆ ಹೇಳುವವರು ಕಡಿಮೆ.

ಚಿನ್ನ ಗಟ್ಟಿಯಾಗಿ ಸಿಗುವುದಿಲ್ಲ, ಬಿಳಿಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಡಿಕೊಂಡಿರುತ್ತದೆ. ಕಲ್ಲನ್ನು ಮೇಲೆ ತಂದು ಕುಟ್ಟಿ, ಹಿಟ್ಟು ಮಾಡಿ, ಸೈನೈಡ್ ಬೆರೆಸಿದ ನೀರಿನಲ್ಲಿ ನೆನೆಸುತ್ತಿದ್ದರು. ಚಿನ್ನ ಆ ನೀರಿನಲ್ಲಿ ಕರಗುತ್ತದೆ. ನೀರಿಗೆ ಸತು ಹಾಕಿದರೆ ಮತ್ತೆ ಬೇರ್ಪಡುತ್ತದೆ. ಉಳಿದ ಹಿಟ್ಟನ್ನು ಕೆಸರು ಮಾಡಿ ಹೊರಗೆ ಹರಿಯಬಿಡುತ್ತಿದ್ದರು. ಗಣಿ ಮುಚ್ಚುವ ಕಾಲಕ್ಕೆ ಒಂದು ಟನ್ ಕಲ್ಲಿನಲ್ಲಿ ಸಿಗುತ್ತಿದ್ದ ಚಿನ್ನ ಮೂರು ಗ್ರಾಂ ಆಸುಪಾಸು. ಒಂದೊಂದು ಬಳೆಗೆ ಎಷ್ಟು ಲೋಡ್ ಪುಡಿ ಇಲ್ಲೇ ಉಳಿಯಿತೆಂದು ಲೆಕ್ಕ ಹಾಕಿ ನೋಡಿ. ಹದಿಮೂರು ಗುಡ್ಡಗಳಲ್ಲಿ ಈಗ ಮೂರು ಕೋಟಿ ಟನ್ನಿಗೂ ಮಿಕ್ಕಿ ಇದೆ.

ಬುಡದಲ್ಲಿ ಒಂದೆರಡು ಬಳ್ಳಾರಿ ಜಾಲಿ ಗಿಡ ಕಷ್ಟಪಟ್ಟು ಬದುಕಿದ್ದವು. ಅವುಗಳಾಚೆಗೆ ಹೋಗಲು ಹಿರಿಯರು ಬಿಡಲಿಲ್ಲ. ಅಲ್ಲಿಂದಲೇ ಕಂಡದ್ದು ಸಾಕಿತ್ತು. ಹಿಂದಿನ ದಿನದ ತುಂತುರಿಗೆ ನೆಲದ ಮೇಲೆ ಹಪ್ಪಳದಂಥ ಪದರ ಕಟ್ಟಿತ್ತು. ಚಪ್ಪಲಿಯ ತುದಿ ತಾಗಿಸಿದೆ. ಪದರ ಮುರಿಯಿತು, ಒಳಗೆ ಒಣ ಪುಡಿ, ಅಕ್ಕಿಹಿಟ್ಟಿನಷ್ಟು ನಯ. ಎದುರಿನ ಸೀಳು ಮೂರಾಳು ಆಳ. ಅದರ ಗೋಡೆಯಲ್ಲಿ ಬೂದು, ತುಕ್ಕು, ಹಳದಿ ಪಟ್ಟಿಗಳು ಮಡಿಸಿಟ್ಟ ಸೀರೆಗಳ ಹಾಗೆ ಒಂದರ ಮೇಲೊಂದು. ಒಂದೊಂದು ಪಟ್ಟಿ ಒಂದೊಂದು ಕಾಲದ ದುಡಿಮೆ. ಸೀಳಿನ ಅಂಚು ಗಟ್ಟಿಯಾಗಿ ಕಾಣುತ್ತದೆ, ಆದರೆ ಅಡಿಯಲ್ಲಿ ನೀರು ತಿಂದು ಟೊಳ್ಳಾಗಿರುತ್ತದೆ. ಫೋಟೊ ತೆಗೆಸಿಕೊಳ್ಳಲು ಬರುವವರು ನಿಲ್ಲುವುದು ಅದೇ ಅಂಚಿನಲ್ಲಿ. ನಾವು ನಿಂತಿದ್ದಾಗಲೇ ದೂರದಲ್ಲಿ ಒಂದು ಹೆಂಟೆ ಸದ್ದಿಲ್ಲದೆ ಕುಸಿಯಿತು. ಒಂದು ಹಿಡಿ ಧೂಳು ಮಾತ್ರ ಮೇಲೆದ್ದಿತು.

ಸೈನೈಡ್ ಅನ್ನುವ ಹೆಸರಿಗೇ ಹೆದರುವವರಿಗೆ ಒಂದು ಮಾತು. ಬಿಸಿಲು, ಗಾಳಿಗೆ ತೆರೆದುಕೊಂಡ ಸೈನೈಡ್ ಕ್ರಮೇಣ ಒಡೆದು ಹೋಗುತ್ತದೆ. ಕರಗದೆ ಉಳಿಯುವುದು ಕಲ್ಲಿನ ಪುಡಿ, ಅದರೊಳಗಿನ ಸಿಲಿಕಾ. ಗಣಿ ಕಾರ್ಮಿಕರ ಶ್ವಾಸಕೋಶವನ್ನು ತಿಂದ ಸಿಲಿಕೋಸಿಸ್ ಬಂದದ್ದು ಇಂಥದೇ ಧೂಳಿನಿಂದ. ಹೆಸರಿನಲ್ಲಿರುವ ವಿಷಕ್ಕಿಂತ ಹೆಸರಿಲ್ಲದ ಈ ಧೂಳೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ಮೊದಲು ಗುಡ್ಡದ ನೆತ್ತಿ ಸಣ್ಣಗೆ ಹೊಗೆಯಾಡಿದಂತೆ ಕಂಡಿತು. ಅರೆಗಳಿಗೆಯಲ್ಲಿ ಇಡೀ ನೆತ್ತಿಯೇ ಕಿತ್ತುಬಂದ ಹಾಗೆ ಬಿಳಿ ತೆರೆಯೊಂದು ಎದ್ದು, ನಮಗೆ ಬೆನ್ನು ಮಾಡಿ ಪೂರ್ವಕ್ಕೆ ಬಾಗಿತು. ಶಬ್ದವೇ ಇಲ್ಲ. ಆಚೆ ಕಾಣುತ್ತಿದ್ದ ಶಾಫ್ಟಿನ ಕಬ್ಬಿಣದ ಗೋಪುರ ಮಸುಕಾಯಿತು, ಆಮೇಲೆ ಇಲ್ಲವಾಯಿತು. ನಾವಿದ್ದ ಕಡೆ ಆಕಾಶ ನೀಲಿಯಾಗಿಯೇ ಇತ್ತು. “ಆ ಕಡೆ ನಮ್ಮ ಲೈನ್ ಇದೆ,” ಎಂದರು ಹಿರಿಯರು.

ಲೈನ್ ಎಂದರೆ ಕಾರ್ಮಿಕರ ಸಾಲುಮನೆ. ಗಾಳಿ ತಗ್ಗಿದ ಮೇಲೆ ಅವರ ಮನೆಗೆ ಹೋದೆವು. ತಗ್ಗಾದ ಬಾಗಿಲು, ಎರಡು ಕೋಣೆ. ಕಿಟಕಿಗೆ ಹಳೇ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ ಬಿಗಿಯಾಗಿ ಕಟ್ಟಿದ್ದರು. ನೀರಿನ ಬಿಂದಿಗೆಗಳ ಬಾಯಿಗೂ ಬಟ್ಟೆ. ಮನೆಯೊಡತಿ ಕಿಟಕಿಯ ಬಟ್ಟೆಯನ್ನು ಬಿಚ್ಚಿ ಬಕೆಟ್ಟಿನಲ್ಲಿ ಹಿಂಡಿದಾಗ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಎರಡನೇ ಸಲ ಹಿಂಡಿದಾಗಲೂ ಹಾಗೆಯೇ. ಆಷಾಢದಲ್ಲಿ ದಿನಕ್ಕೆ ಮೂರು ಬಾರಿ ಈ ಕೆಲಸವಂತೆ. ನನಗೆ ಊಟಕ್ಕಿಡುವ ಮೊದಲು ಸೋಪು ಕೊಟ್ಟು ಮೊಣಕೈವರೆಗೆ ತೊಳೆಸಿದರು.

ದೂರ ನಿಂತು ನೋಡಿ ಎಂದು ನಮ್ಮಂಥ ಪ್ರವಾಸಿಗಳಿಗೆ ಹೇಳುವುದು ಸುಲಭ. ನಾವು ಗಾಳಿಯ ದಿಕ್ಕು ನೋಡಿ ಜಾಗ ಬದಲಿಸಬಹುದು. ಮನೆಯನ್ನು ಬದಲಿಸುವುದು ಹೇಗೆ? ಈ ಗುಡ್ಡದ ಮೇಲೆ ಸಿನಿಮಾ ಸೆಟ್ ಎದ್ದಿದೆ, ಮದುವೆಗೆ ಮುಂಚಿನ ಫೋಟೊಗಳಿಗೆ ಇದು ಹಿನ್ನೆಲೆಯಾಗಿದೆ. ಪುಡಿಯಲ್ಲಿ ಇನ್ನೂ ಚಿನ್ನ ಉಳಿದಿರುವುದರಿಂದ, ಹದಿಮೂರೂ ಗುಡ್ಡ ಹಬ್ಬಿರುವ ಸುಮಾರು 1,003 ಎಕರೆಯಲ್ಲಿ ಮತ್ತೆ ಕೆಲಸ ಶುರುಮಾಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಲಸವಿಲ್ಲದೆ ನಿತ್ಯ ಬೆಂಗಳೂರಿಗೆ ರೈಲು ಹತ್ತುವ ಊರಿಗೆ ಅದು ಆಸೆಯ ಸುದ್ದಿ, ಅದನ್ನು ನಾನು ಕಡೆಗಣಿಸಲಾರೆ. ಆದರೆ ಗುಡ್ಡವನ್ನು ಕೆದಕುವ ದಿನ ಧೂಳು ಎತ್ತ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಮೊದಲು ಬರಬೇಕು. ಟನ್ನಿಗೆ ಎಷ್ಟು ಗ್ರಾಂ ಎಂಬುದು ಆಮೇಲಿನ ಮಾತು.

ಮುಚ್ಚಿದ ಶಾಫ್ಟುಗಳ ಹತ್ತಿರವೂ ಹೋಗಬಾರದು. ಒಳಗೆ ನೀರು ತುಂಬಿದೆ, ಕೆಟ್ಟ ಗಾಳಿ ನಿಂತಿದೆ. ಗುಜರಿ ಕಬ್ಬಿಣದ ಆಸೆಗೆ ಇಳಿದವರು ಉಸಿರುಕಟ್ಟಿ ಸತ್ತದ್ದುಂಟು.

ಸಂಜೆ ನಿಲ್ದಾಣದವರೆಗೆ ಹಿರಿಯರು ಬಂದರು. ಬೆಂಗಳೂರಿನಿಂದ ಮರಳುವವರ ಗಾಡಿ ಬಂದು ನಿಂತಿತು. ನೂರಾರು ಜನ ಊಟದ ಡಬ್ಬಿ ಹಿಡಿದು ಇಳಿದರು. ಗಾಡಿಯ ಒಂದು ಬದಿಯ ಕಿಟಕಿಗಳೆಲ್ಲ ತೆರೆದಿದ್ದವು. ಗುಡ್ಡದ ಬದಿಯವನ್ನು ಒಂದೂ ಬಿಡದೆ ಕೆಳಕ್ಕೆಳೆದಿದ್ದರು.