ಸ್ಟಿಕರ್ ಸೊಟ್ಟಗಾಗದಿರಲು ಒಂದು ಹನಿ ಸೋಪುನೀರು

ಲೆಗೊದಂಥ ಆಟದ ಇಟ್ಟಿಗೆಗಳಿಂದ ಮಕ್ಕಳು ಮಾಡಿದ ಮಾದರಿ ಎಷ್ಟೇ ಚೆನ್ನಾಗಿರಲಿ, ಸೊಟ್ಟಗೆ ಅಂಟಿದ ಸ್ಟಿಕರ್ ಅದರ ಅಂದ ಕೆಡಿಸುತ್ತೆ. ಕಿತ್ತು ಮತ್ತೆ ಅಂಟಿಸಿದರೆ ಗೋಂದಿಗೆ ಧೂಳು ಹಿಡಿದು ಅಂಚು ಏಳುತ್ತೆ. ಮಲ್ದಕಲ್ ಬೇಸಿಗೆಯಲ್ಲಂತೂ ಧೂಳಿಗೆ ಬರವಿಲ್ಲ.

ಉಪಾಯ ಸರಳ. ಇಟ್ಟಿಗೆ ಒರೆಸಿ, ಒಂದು ಹನಿ ಸೋಪುನೀರು ಸವರಿ. ಸೋಪು ನೀರಿನ ಮೇಲ್ಮೈ ಎಳೆತ ಕಡಿಮೆ ಮಾಡುವುದರಿಂದ ನೀರು ಪ್ಲಾಸ್ಟಿಕ್ ಮೇಲೆ ಹನಿಗಟ್ಟದೆ ತೆಳುವಾಗಿ ಹರಡುತ್ತೆ. ಆ ಪದರ ಇರುವವರೆಗೆ ಗೋಂದು ಗಟ್ಟಿಯಾಗಿ ಹಿಡಿಯದು. ಸ್ಟಿಕರನ್ನು ಜರುಗಿಸಿ ನೇರ ಮಾಡಬಹುದು. ಆಮೇಲೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತಿ, ನೀರು, ಗುಳ್ಳೆ ಹೊರದಬ್ಬಿ ಒಣಗಲು ಬಿಡಿ. ಕಾಗದದ ಸ್ಟಿಕರಿಗೆ ಇದು ಬೇಡ, ನೆನೆದು ಹಾಳಾಗುತ್ತೆ.

ಒಂದೇ ಸ್ಟಿಕರ್ ಎರಡು ಇಟ್ಟಿಗೆಗಳ ಮೇಲೆ ಬಂದರೆ, ಸಂದಿಯಲ್ಲಿ ಶಿಕ್ಷಕರೇ ಬ್ಲೇಡಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಮಾದರಿ ಬಿಚ್ಚಲು ಬಾರದು. ಮುಂದಿನ ವರ್ಷದ ಮಕ್ಕಳಿಗೆ ಆ ಇಟ್ಟಿಗೆಗಳು ಸಿಗವು.