ಪ್ರವಾಸಿ ಬಂದ, ಊರಿಗೆ ಏನು ತಂದ?

ಹಂಪಿಯ ತಳವಾರಘಟ್ಟದಲ್ಲಿ ತುಂಗಭದ್ರೆ ದಾಟಿದರೆ ಆನೆಗೊಂದಿ. ಇಲ್ಲಿನ ಹೆಣ್ಣುಮಕ್ಕಳು ಬಾಳೆದಿಂಡಿನ ಪಟ್ಟೆ ಸುಲಿದು, ಒಣಗಿಸಿ, ಹುರಿ ಹೊಸೆದು ಪ್ರವಾಸಿಗರು ಕೊಳ್ಳುವ ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಗೊನೆ ಕಡಿದ ಮೇಲೆ ತೋಟದ ಬದುವಿಗೆ ಬೀಳುತ್ತಿದ್ದ ದಿಂಡು ಈ ಕೈಗಳಲ್ಲಿ ಮನೆಯ ಸಂತೆ ಖರ್ಚಿಗೆ ದಾರಿಯಾಗಿದೆ. ಪ್ರವಾಸೋದ್ಯಮ ಒಂದು ಪ್ರದೇಶವನ್ನು ಹೇಗೆ ಬೆಳೆಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ.

ಆದರೆ ಹಂಪಿ ಕಲಿಸಿದ ಕಹಿ ಪಾಠಗಳೂ ಇವೆ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ತಾಣ, ಸೇತುವೆ ಕಾಮಗಾರಿಗಳಿಂದಾಗಿ 1999ರಲ್ಲಿ ಅಪಾಯದಂಚಿನ ಪಟ್ಟಿಗೆ ಬಿತ್ತು, ಹೊರಬಂದದ್ದು 2006ರಲ್ಲಿ. 2009ರಲ್ಲಿ ನಿರ್ಮಾಣದ ಹಂತದಲ್ಲಿದ್ದ ಆನೆಗೊಂದಿ ಸೇತುವೆ ಕುಸಿದು ಕಾರ್ಮಿಕರು ಜೀವ ತೆತ್ತರು. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೇ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು. ಸ್ಮಾರಕ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿ, ಊಟದ ಮನೆ, ವಸತಿ ಎಲ್ಲಿರಬೇಕೆಂದು ಮೊದಲೇ ಗೊತ್ತುಮಾಡಿದ್ದರೆ ಇಷ್ಟು ಜನರ ಅನ್ನಕ್ಕೆ ಕಲ್ಲು ಬೀಳುತ್ತಿರಲಿಲ್ಲ. ಯೋಜನೆ ಬರಬೇಕಾದ ಹೊತ್ತಿಗೆ ಬರಲಿಲ್ಲ, ಜೆಸಿಬಿ ಬಂತು.

ನದಿಯ ಒಂದು ದಡ ವಿಜಯನಗರ ಜಿಲ್ಲೆ, ಇನ್ನೊಂದು ದಡ ಕೊಪ್ಪಳ. ವಿರೂಪಾಕ್ಷನ ದರ್ಶನ ಮುಗಿಸಿ ಅಂಜನಾದ್ರಿ ಹತ್ತುವ ಯಾತ್ರಿಕನಿಗೆ ಈ ಗಡಿ ಕಾಣುವುದಿಲ್ಲ. ಎರಡೂ ದಡಗಳನ್ನು ಒಂದಾಗಿ ನೋಡಲೆಂದೇ 2002ರ ಕಾಯ್ದೆಯಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ರಸ್ತೆ, ನೀರು, ಕಸ ವಿಲೇವಾರಿ, ಹೋಂಸ್ಟೇ ಪರವಾನಗಿ ಎಲ್ಲವೂ ಆ ಒಂದೇ ಕಣ್ಣಿನಿಂದ ನಡೆಯಬೇಕು.

ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎಷ್ಟು ರಾತ್ರಿ ಉಳಿದರು, ಅವರ ತಟ್ಟೆಗೆ ಬಿದ್ದ ಅನ್ನ ಯಾವ ಗದ್ದೆಯದು, ಗೈಡ್ ಯಾವ ಊರಿನ ಹುಡುಗ ಎಂಬ ಲೆಕ್ಕವೂ ಬೇಕು. ಬೆಳಿಗ್ಗೆ ಬಂದು ಸಂಜೆಗೆ ಹೊರಡುವ ಬಸ್ಸು ಊರಿಗೆ ಬಿಟ್ಟುಹೋಗುವುದು ಹೆಚ್ಚಾಗಿ ಧೂಳು ಮತ್ತು ಪ್ಲಾಸ್ಟಿಕ್. ವಿಜಯನಗರ ಅರಸರ ಕಾಲದ ತುರ್ತು ಕಾಲುವೆ ಇಂದಿಗೂ ಇಲ್ಲಿನ ಭತ್ತ, ಬಾಳೆಗೆ ನೀರುಣಿಸುತ್ತಿದೆ. ಆ ಕಾಲುವೆಯ ಹೂಳು ತೆಗೆಯುವ ರೈತನೂ ಪರಂಪರೆಯ ಕಾವಲುಗಾರನೇ; ಪ್ರವಾಸದ ಆದಾಯದಲ್ಲಿ ಅವನಿಗೂ ಪಾಲಿರಬೇಕು.

ಮುಂದಿನ ಸಲ ಹಂಪಿಗೆ ಹೋದಾಗ ಒಂದು ರಾತ್ರಿ ಹೆಚ್ಚು ಉಳಿಯಿರಿ. ಊರವರ ಮನೆಯಲ್ಲಿ ಉಣ್ಣಿ. ಬರುವಾಗ ಒಂದು ಬಾಳೆನಾರಿನ ಚೀಲ ಕೊಂಡು ತನ್ನಿ.