ತಾಯಿಯ ಹಾಲು ಕರುವಿಗೆಷ್ಟು?

ಬೀದರ ಸಮೀಪದ ಕೊಳಾರ, ಭಾಲ್ಕಿ, ಔರಾದ ಸೀಮೆಯ ದೇವಣಿ ಆಕಳು ಹಾಲಿಗೂ ಸೈ, ಅದರ ಹೋರಿಗರು ನೇಗಿಲಿಗೂ ಸೈ. ಅದರ ಬಣ್ಣ ವಂಶದಿಂದ ಬಂದದ್ದು, ಮೇವು ಬದಲಿಸಿದರೆ ಬದಲಾಗದು. ಹಾಲಿನ ಮಾತೇ ಬೇರೆ. ಒಂದೇ ಹಿಂಡಿನ ಆಕಳುಗಳ ಹಾಲಿನಲ್ಲಿ ಕಾಣುವ ಹೆಚ್ಚುಕಡಿಮೆಯಲ್ಲಿ ಸುಮಾರು ಕಾಲು ಭಾಗ ಮಾತ್ರ ವಂಶವಾಹಿಗಳದು. ಉಳಿದದ್ದು ಮೇವು, ನೀರು, ಆರೈಕೆಯದು. ಈ ಕಾಲು ಪಾಲೇ ‘ಅನುವಂಶೀಯತೆ’.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಆಕಳೊಂದು ಒಂದು ಸೂಲಿನಲ್ಲಿ ಹಿಂಡಿನ ಸರಾಸರಿಗಿಂತ 400 ಲೀಟರ್ ಹೆಚ್ಚು ಕರೆಯಿತೆನ್ನಿ. ಅದರಲ್ಲಿ ವಂಶದ ಪಾಲು 100. ಕರುವಿಗೆ ತಾಯಿಯಿಂದ ಬರುವುದು ಇದರ ಅರ್ಧ, ಅಂದರೆ 50 ಲೀಟರ್! ಸಂತೆಯಲ್ಲಿ ತಾಯಿಯ ಕೆಚ್ಚಲು ತೋರಿಸಿ ಕರುವಿನ ಬೆಲೆ ಏರಿಸುವವರ ಮುಂದೆ ಪಾಲಕರಿಗೆ ಈ ಲೆಕ್ಕ ನೆನಪಿರಲಿ. ಇನ್ನರ್ಧ ಹೋರಿಯದು. ಹೋರಿ ಹಾಲು ಕೊಡದು. ಅದಕ್ಕೆ ಹುಟ್ಟಿದ ಹಲವಾರು ಆಕಳುಗಳ ಹಾಲು ಅಳೆದೇ ಅದರ ಯೋಗ್ಯತೆ ತಿಳಿಯಬೇಕು.

ಗುಣಗಳು ಒಂಟಿಯಾಗಿಯೂ ಬರುವುದಿಲ್ಲ. ಹಾಲು ಏರಿದಂತೆ ಕೊಬ್ಬಿನ ಶೇಕಡಾ ಪ್ರಮಾಣ ಇಳಿಯುವುದುಂಟು. ಹಾಲಿಗೇ ಹೆಚ್ಚು ಒತ್ತು ಕೊಟ್ಟು ಆರಿಸುತ್ತ ಬಂದ ಹೋಲ್‌ಸ್ಟೀನ್ ತಳಿಯಲ್ಲಿ 20ನೇ ಶತಮಾನದ ಕೊನೆಗೆ ಗರ್ಭ ನಿಲ್ಲುವುದೇ ಕಷ್ಟವಾಯಿತು. ಆ ಗುಣದ ಅನುವಂಶೀಯತೆ ಶೇ 10ಕ್ಕೂ ಕಡಿಮೆ. ಅಲ್ಲಿ ಹೊಸ ಹೋರಿ ಹುಡುಕುವುದಕ್ಕಿಂತ ಒಳ್ಳೆಯ ಮೇವು, ಬೆದೆಯನ್ನು ಸಕಾಲಕ್ಕೆ ಗುರುತಿಸುವ ಕಣ್ಣು ಬೇಗ ಫಲ ಕೊಡುತ್ತವೆ.